ಇಕ್ಕೇರಿಯ ರಾಯಭಾರಿ

ಮಕ್ಕಳೇ, ರಾಯಭಾರಿ ಎಂದರೆ ದೆಹಲಿಯಿಂದ ವಿಮಾನ ಹತ್ತಿ ಹೋಗುವವರು ಎಂದೇ ನಮಗೆ ರೂಢಿ. ಆದರೆ ನಾಲ್ಕು ನೂರು ವರ್ಷಗಳ ಹಿಂದೆ ನಮ್ಮ ಸಾಗರದ ಪಕ್ಕದ ಇಕ್ಕೇರಿಯಿಂದಲೂ ಒಬ್ಬ ರಾಯಭಾರಿ ಹೋಗಿದ್ದ. ಹೋಗಿದ್ದು ಗೋವೆಗೆ, ಪೋರ್ಚುಗೀಸರ ಬಳಿಗೆ.

ಆಗ ಈ ಸೀಮೆಯನ್ನು ಆಳುತ್ತಿದ್ದವನು ಕೆಳದಿಯ ವೆಂಕಟಪ್ಪ ನಾಯಕ. ಅವನ ಕಾಡಿನ ಕಾಳುಮೆಣಸು ಪೋರ್ಚುಗೀಸರಿಗೆ ಬೇಕು. ಜೊತೆಗೊಂದು ಜಗಳವೂ ಇತ್ತು. ಕರಾವಳಿಯ ಬಂಗ ಅರಸನ ಸೀಮೆಯನ್ನು ನಾಯಕ ಗೆದ್ದುಕೊಂಡಿದ್ದ. ಬಂಗ ಅರಸ ಪೋರ್ಚುಗೀಸರ ಸ್ನೇಹಿತ. ಉಳ್ಳಾಲದ ರಾಣಿ ಅಬ್ಬಕ್ಕ ನಾಯಕನ ಪಕ್ಷ.

ಇಂಥ ಹೊತ್ತಿನಲ್ಲಿ ಕತ್ತಿಗಿಂತ ಮೊದಲು ಮಾತು ಹೋಗಬೇಕು. ಹಾಗೆ ಹೋದವನನ್ನು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 'ವಿತುಲಾ ಸಿನಾಯ್' ಎಂದು ಬರೆದಿದ್ದಾನೆ. ನಮ್ಮ ಬಾಯಲ್ಲಿ ಅದು ವಿಠಲ ಶೆಣೈ. 1623ರ ಅಕ್ಟೋಬರಿನಲ್ಲಿ ಶೆಣೈ ಗೋವೆಯಿಂದ ಹಿಂದಿರುಗುವಾಗ ಪೋರ್ಚುಗೀಸರ ರಾಯಭಾರಿಯೂ ಜೊತೆಗೆ ಹೊರಟ. ದೆಲ್ಲಾ ವಾಲೆ ಆ ಗುಂಪಿನಲ್ಲಿದ್ದ. ಹೊನ್ನಾವರದಿಂದ ಶರಾವತಿಯಲ್ಲಿ ದೋಣಿಯ ಮೇಲೆ ಗೇರುಸೊಪ್ಪೆ. ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿ.

ಸಮುದ್ರವನ್ನೇ ಆಳುತ್ತೇವೆ ಎನ್ನುತ್ತಿದ್ದವರು ಮಲೆನಾಡಿನ ಅರಸನಲ್ಲಿಗೆ ಘಟ್ಟ ಹತ್ತಿ ಬಂದದ್ದೇಕೆ? ಹಿಂದಿನ ವರ್ಷವಷ್ಟೇ, 1622ರಲ್ಲಿ, ಹೊರ್ಮುಜ್ ಕೋಟೆ ಅವರ ಕೈಬಿಟ್ಟಿತ್ತು. ಡಚ್ಚರು, ಇಂಗ್ಲಿಷರು ಕಡಲಲ್ಲಿ ಪೈಪೋಟಿಗಿದ್ದರು. ಮೆಣಸೂ ತಪ್ಪಿದರೆ ಕಷ್ಟ. ಎದುರಿನವರಿಗೆ ಏನು ಬೇಕು ಎಂಬುದನ್ನು ತಿಳಿದು ಮಾತಾಡುವುದೇ ರಾಯಭಾರಿಯ ಬಲ. ಅವನ ಬಾಯಿಂದ ಒಂದು ಮಾತು ಜಾರಿದರೆ ಯುದ್ಧದಲ್ಲಿ ಸಾಯುವವರು ಊರಿನ ಮಕ್ಕಳು.

ಶೆಣೈಯ ಬಾಲ್ಯ, ಮನೆ, ಮುಪ್ಪು ಯಾವುದೂ ಆ ಪುಟಗಳಲ್ಲಿಲ್ಲ. ಅರಸರ ಹೆಸರು ಶಾಸನದಲ್ಲಿ ಉಳಿಯುತ್ತದೆ. ಯುದ್ಧ ತಪ್ಪಿಸಲು ನಡೆದಾಡಿದವರ ಹೆಸರು ಹೀಗೆ ಯಾರದೋ ಪತ್ರದಲ್ಲಿ ಒಂದು ಸಾಲಾಗಿ ಉಳಿಯುತ್ತದೆ.

ಅದೇ ಪತ್ರಗಳಲ್ಲಿ ನಿಮ್ಮಂಥವರೂ ಇದ್ದಾರೆ! ದಾರಿಯ ಒಂದು ಗುಡಿಯ ಜಗಲಿಯಲ್ಲಿ ಹುಡುಗರು ನೆಲದ ಮೇಲೆ ನುಣ್ಣನೆ ಮರಳು ಹರಡಿ, ಬೆರಳಲ್ಲಿ ಬರೆಯುತ್ತ, ರಾಗವಾಗಿ ಲೆಕ್ಕ ಕಲಿಯುವುದನ್ನು ದೆಲ್ಲಾ ವಾಲೆ ಕಂಡ. ಎದುರಿಗೆ ಮೇಷ್ಟರಿರಲಿಲ್ಲ, ಒಬ್ಬರಿಗೊಬ್ಬರು ಹೇಳಿಕೊಟ್ಟು ಕಲಿಯುತ್ತಿದ್ದರು. ಅವನಿಗೆ ಅದು ಎಷ್ಟು ಹಿಡಿಸಿತೆಂದರೆ, ಇಟಲಿಯ ಗೆಳೆಯನಿಗೆ ವಿವರವಾಗಿ ಬರೆದ.

ಅಜ್ಜ ಅಜ್ಜಿಯರೇ, ನಿಮ್ಮಲ್ಲಿ ಮರಳಿನ ಮೇಲೆ ಬರೆದು ಕಲಿತವರಿದ್ದರೆ ಇವತ್ತು ಮೊಮ್ಮಕ್ಕಳಿಗೆ ಒಮ್ಮೆ ತೋರಿಸಿ. ಮಕ್ಕಳೇ, ಇಕ್ಕೇರಿಯ ಅಘೋರೇಶ್ವರ ಗುಡಿಗೆ ಹೋದಾಗ ಆ ಕಲ್ಲಿನ ಕೆತ್ತನೆಗಳ ಜೊತೆಗೆ ವಿಠಲ ಶೆಣೈಯನ್ನೂ ನೆನೆಯಿರಿ. ಆಟದ ಬಯಲಲ್ಲಿ ಜಗಳವಾದರೆ ನಿಮ್ಮಲ್ಲೂ ಒಬ್ಬರು ರಾಯಭಾರಿ ಬೇಕಾಗುತ್ತದಲ್ಲವೇ?