ಕಂಬಳಿಗೂ ಮ್ಯೂಸಿಯಮ್ಮಾ?

ಮೊನ್ನೆ ಶನಿವಾರ ಮೆಲ್ಬರ್ನ್‌ನಿಂದ ರೈಲು ಹತ್ತಿ ಜೀಲಾಂಗ್‌ನ ನ್ಯಾಷನಲ್ ವುಲ್ ಮ್ಯೂಸಿಯಂಗೆ ಹೋಗಿದ್ವಿ. 1872ರ ಕಲ್ಲಿನ ಉಣ್ಣೆ ಗೋದಾಮು, 1988ರಲ್ಲಿ ಮ್ಯೂಸಿಯಂ ಆಯಿತಂತೆ. ಒಳಗೊಂದು ದೈತ್ಯ ಕಾರ್ಪೆಟ್ ಮಗ್ಗ. ತೂತು ಕೊರೆದ ಕಾರ್ಡುಗಳೇ ಅದಕ್ಕೆ ಡಿಸೈನ್ ಹೇಳೋದು, ನಮ್ಮ ಪ್ರೋಗ್ರಾಮಿಂಗ್‌ನ ಅಜ್ಜ! ಅರ್ಧ ಗಂಟೆ ಅಲ್ಲೇ ನಿಂತಿದ್ದೆ.

"ನಮ್ಮ ಚಳ್ಳಕೆರೆ ಕಂಬಳಿಗೂ ಇಂಥ ಮ್ಯೂಸಿಯಂ ಆಗ್ಬೇಕು ಕಣೋ" ಅಂದ ಗೆಳೆಯ.

ಮೈ ಉರೀತು. ಜೀಲಾಂಗ್‌ನಲ್ಲಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಅವರು ನೆನಪು ಜೋಡಿಸಿಟ್ಟರು, ಸರಿ. ಚಳ್ಳಕೆರೆ ಕಡೆ ಇನ್ನೂ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು, ಹುಣಸೆಬೀಜದ ಗಂಜಿ ಹಾಕಿ ನೇಯೋರಿದ್ದಾರೆ. ಬದುಕಿರೋರ ಫೋಟೋಗೆ ಹಾರ ಯಾಕ್ರೀ?

ದಖ್ಖನಿ ಕುರಿಯ ಉಣ್ಣೆ ಮೆರಿನೋ ಥರ ನುಣುಪಲ್ಲ, ಚುಚ್ಚುತ್ತೆ, ಫ್ಯಾಷನ್‌ಗೆ ಆಗಲ್ಲ ಅಂತೀರಾ? ಮಳೇಲಿ ಕುರಿ ಹಿಂದೆ ಅಲೆಯೋರನ್ನ ಕೇಳಿ. ಕತ್ತರಿಸಿದ ಕೂಲಿಯೂ ಗಿಟ್ಟದೆ ಎಷ್ಟೋ ಕಡೆ ಆ ಉಣ್ಣೆ ತಿಪ್ಪೆ ಸೇರ್ತಿದೆ. ಮಾಲ್‌ನಲ್ಲಿ ಐದು ಸಾವಿರದ ಜಾಕೆಟ್ಟನ್ನ ಬಾಯಿ ಮುಚ್ಚಿಕೊಂಡು ಕೊಳ್ಳೋ ನಾವು, ಸಂತೇಲಿ ಕಂಬಳಿಯವರ ಹತ್ರ ಐವತ್ತು ರೂಪಾಯಿಗೆ ಜಗ್ಗಾಡ್ತೀವಿ. (ನಾನೂ ಜಗ್ಗಾಡಿದೀನಿ, ಸುಳ್ಳು ಯಾಕೆ.) ಅವರಿಗೆ ಬೇಕಿರೋದು ಗಾಜಿನ ಪೆಟ್ಟಿಗೆ ಅಲ್ಲ, ಗಿರಾಕಿ.

ಇಷ್ಟೆಲ್ಲಾ ಕೂಗಾಡಿದ ಮೇಲೆ ಗೆಳೆಯ ಮ್ಯೂಸಿಯಂ ಅಂಗಡೀಲಿ ಮೆರಿನೋ ಸ್ಕಾರ್ಫ್ ತಗೊಂಡ. ರೇಟು ಕೂಡ ಕೇಳಲಿಲ್ಲ.