ಮೂರನೆಯ ದಿನದ ನೋವಿಗೆ ರಜೆ ಇಲ್ಲವೋ?



"ಹಲ್ಲು ಕೀಳಿಸಿ ಮೂರು ದಿನವಾಯಿತು, ಇನ್ನೂ ಎಂಥ ನೋವು?" ಬೆಳಿಗ್ಗೆ ಹಾಜರಿ ಕೂಗುವ ಹೊತ್ತಿಗೆ ಈ ಮಾತನ್ನು ಕೇಳದವರು ನಮ್ಮ ಲೈನು ಮನೆಗಳಲ್ಲಿ ಯಾರಿದ್ದಾರೆ? ನೀಲಗಿರಿಯ ತೋಟಗಳಲ್ಲಾಗಲಿ ವಯನಾಡಿನ ತೋಟಗಳಲ್ಲಾಗಲಿ, ಹಲ್ಲು ಕೀಳಿಸಿದವರಿಗೆ ಒಂದು ದಿನ ಬಿಟ್ಟರೆ ದೊಡ್ಡ ಉಪಕಾರ ಮಾಡಿದಂತೆ ಮಾತಾಡುತ್ತಾರೆ. ಮೂರನೆಯ ದಿನ ಕೆನ್ನೆ ಹಿಡಿದುಕೊಂಡು ಬಂದವಳಿಗೆ ಸೋಮಾರಿ ಎಂಬ ಹೆಸರು. ಈ ಮಾತು ಸುಳ್ಳು ಎಂದು ನಾವು ಹೇಳುತ್ತೇವೆ. ಯಾಕೆ ಸುಳ್ಳು ಎಂಬುದನ್ನೂ ತೋರಿಸುತ್ತೇವೆ.

ಹಲ್ಲು ಕಿತ್ತ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ನಿಲ್ಲುತ್ತದೆ. ಒಳಗಿನ ಎಲುಬಿಗೂ ನರಗಳಿಗೂ ಆ ಹೆಪ್ಪೇ ಹೊದಿಕೆ. ಅದು ಕರಗಿ ಹೋದರೆ ಅಥವಾ ಕಿತ್ತು ಬಂದರೆ ಎಲುಬು ಬರಿದಾಗುತ್ತದೆ. ಇದನ್ನೇ ವೈದ್ಯರು ಡ್ರೈ ಸಾಕೆಟ್ ಎನ್ನುತ್ತಾರೆ, ಎಂದರೆ ಒಣ ಕುಳಿ. ಇದರ ನೋವು ಕಿತ್ತ ದಿನ ಬರುವುದಿಲ್ಲ. ಎಲ್ಲ ಸರಿಹೋಯಿತು ಎಂದುಕೊಂಡಾಗ, ಸಾಮಾನ್ಯವಾಗಿ ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ, ಒಮ್ಮೆಲೇ ಏಳುತ್ತದೆ. ಕಿವಿಯವರೆಗೂ ಕಣತದವರೆಗೂ ಹರಿಯುತ್ತದೆ. ಬಾಯಿ ನಾರುತ್ತದೆ. ಕೆಳದವಡೆಯ ಹಿಂದಿನ ಹಲ್ಲುಗಳಲ್ಲಿ ಇದು ಹೆಚ್ಚು. ಹೀಗಿರುವಾಗ ಒಂದು ದಿನ ಬಿಟ್ಟು ಮೂರನೆಯ ದಿನ ನಿಂದಿಸುವುದು ಯಾವ ನ್ಯಾಯ? ನೋವು ಹುಟ್ಟುವ ದಿನವೇ ಇವರ ಲೆಕ್ಕದಲ್ಲಿ ಗುಣವಾದ ದಿನವಾಗಿದೆ!

ಸಕ್ಕರೆ ಕಾಯಿಲೆ ಇರುವವರ ಪಾಡು ಇನ್ನೂ ಕಷ್ಟ. ರಕ್ತದಲ್ಲಿ ಸಕ್ಕರೆ ಹತೋಟಿ ತಪ್ಪಿದ್ದರೆ ಗಾಯ ಮಾಯುವುದು ತಡ, ಕೀವಾಗುವುದು ಬೇಗ. ಕೀವಾದರೆ ಸಕ್ಕರೆ ಮತ್ತೂ ಏರುತ್ತದೆ. ಒಂದು ಇನ್ನೊಂದನ್ನು ಬೆಳೆಸುತ್ತದೆ. ಇನ್ನೊಂದು ಅಪಾಯವನ್ನು ಮೇಸ್ತ್ರಿಗಳು ನೋಡುವುದೇ ಇಲ್ಲ. ನೋವಿನಿಂದ ಊಟ ಬಿಟ್ಟು, ಸಕ್ಕರೆಯ ಮಾತ್ರೆ ಮಾತ್ರ ನುಂಗಿ, ಬೆನ್ನಿಗೆ ಬುಟ್ಟಿ ಹಾಕಿ ಇಳಿಜಾರಿನಲ್ಲಿ ನಿಂತವಳಿಗೆ ಸಕ್ಕರೆ ಕೆಳಗಿಳಿದರೆ ಏನಾಗಬೇಕು? ಬೆವರು, ನಡುಕ, ಕಣ್ಣು ಕತ್ತಲೆ. ಅಲ್ಲಿ ಬಿದ್ದರೆ ಅದೂ ಸೋಮಾರಿತನವೋ?

ಡಿಸ್ಪೆನ್ಸರಿಗಳ ಬಗ್ಗೆಯೂ ಹೇಳಲೇಬೇಕು. ಬಾಯಿ ತೆರೆದು ನೋಡದೆ ನಾಲ್ಕು ಮಾತ್ರೆ ಕಾಗದದಲ್ಲಿ ಕಟ್ಟಿಕೊಡುವುದು ಚಿಕಿತ್ಸೆಯಲ್ಲ. ಬರೇ ಆಂಟಿಬಯೋಟಿಕ್ ಮಾತ್ರೆಯಿಂದ ಒಣ ಕುಳಿಯ ನೋವು ಹೋಗುವುದಿಲ್ಲ. ಕುಳಿಯನ್ನು ಉಪ್ಪುನೀರಿನ ದ್ರಾವಣದಿಂದ ತೊಳೆದು, ಒಳಗೆ ಔಷಧಿಯ ಪಟ್ಟಿ ಇಡಬೇಕು. ಅದನ್ನು ಇಟ್ಟ ಸ್ವಲ್ಪ ಹೊತ್ತಿನಲ್ಲೇ ಹೆಚ್ಚಿನವರಿಗೆ ನೋವು ಇಳಿಯುತ್ತದೆ. ಬೇಕಾದರೆ ಪಟ್ಟಿ ಬದಲಿಸಬೇಕು. ಇದು ಹಲ್ಲಿನ ವೈದ್ಯರ ಕೈಯಲ್ಲಿ ಕೆಲವು ನಿಮಿಷಗಳ ಕೆಲಸ. ಅಷ್ಟಕ್ಕಾಗಿ ನಮ್ಮವರು ವಾರಗಟ್ಟಲೆ ರಾತ್ರಿ ನಿದ್ದೆಗೆಡಬೇಕೇ? ನೋವಿನ ಮಾತ್ರೆಯಲ್ಲಿಯೂ ಎಚ್ಚರಿಕೆ ಬೇಕು. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೋತವರಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೆಡುಕು ಮಾಡುತ್ತವೆ. ಕೇಳದೆ ಕೊಡಬಾರದು, ಕೇಳದೆ ನುಂಗಲೂಬಾರದು.

ನಮ್ಮ ಲೈನುಗಳಲ್ಲಿರುವ ಕೆಟ್ಟ ರೂಢಿಗಳನ್ನು ಮುಚ್ಚಿಟ್ಟು ಮಾತಾಡಿದರೆ ಅದೂ ನ್ಯಾಯವಲ್ಲ. ನೋವಿಗೆಂದು ಹೊಗೆಸೊಪ್ಪನ್ನು ಕುಳಿಗೆ ಒತ್ತುವುದು ಮದ್ದಲ್ಲ, ಬೆಂಕಿಗೆ ಸೌದೆ. ಬೀಡಿಯೂ ಎಲೆಯಡಿಕೆಯೂ ಹಾಗೆಯೇ. ಲವಂಗದ ಎಣ್ಣೆಯನ್ನು ನೇರವಾಗಿ ಸುರಿದರೆ ಒಸಡು ಸುಡುತ್ತದೆ. ವೈದ್ಯರ ಪಟ್ಟಿಯಲ್ಲಿ ಲವಂಗದ ಸತ್ವ ಇರಬಹುದು, ಆದರೆ ಅಳತೆಯಿಂದ. ಕಿತ್ತ ಮೊದಲ ದಿನ ಜೋರಾಗಿ ಉಗುಳಬಾರದು, ಬಾಯಿ ಮುಕ್ಕಳಿಸಬಾರದು. 24 ಗಂಟೆ ಕಳೆದ ಮೇಲೆ ಒಂದು ಲೋಟ ಉಗುರುಬೆಚ್ಚನೆ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಬಾಯಲ್ಲಿ ಮೆಲ್ಲನೆ ಆಡಿಸಿ ಬಿಡಬೇಕು.

"ತಣ್ಣಗೆ ಐಸ್‌ಕ್ರೀಮ್ ತಿನ್ನು" ಎಂಬ ಬುದ್ಧಿವಾದ ಸಕ್ಕರೆ ಕಾಯಿಲೆಯವರಿಗಲ್ಲ. ಬೆಲ್ಲವಿಲ್ಲದ ರಾಗಿ ಗಂಜಿ, ಮಜ್ಜಿಗೆ, ಮೆತ್ತಗೆ ಬೆಂದ ಬೇಳೆ, ಮೊಟ್ಟೆ ಸಾಕು. ಊಟ ಇಳಿಯದಿದ್ದರೆ ಮಾತ್ರೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ತಾವಾಗಿಯೇ ನಿಲ್ಲಿಸಬೇಡಿರಿ. ಆ ದಿನವೇ ವೈದ್ಯರನ್ನು ಕೇಳಿರಿ. ನಡುಕ, ಬೆವರು ಬಂದರೆ ತಡಮಾಡದೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. ಜ್ವರ, ಮುಖದ ಬಾವು, ಬಾಯಿ ತೆರೆಯಲಾಗದಿರುವುದು, ನುಂಗಲು ಅಥವಾ ಉಸಿರಾಡಲು ಕಷ್ಟ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ದೊಡ್ಡಾಸ್ಪತ್ರೆಗೆ ಹೊರಡಿರಿ.

ಇನ್ನು ಆಡಳಿತದವರಿಗೆ. ನಾವು ಬೇಡುತ್ತಿರುವುದು ದಾನವಲ್ಲ. ಕಾರ್ಮಿಕರಿಗೂ ಅವರ ಕುಟುಂಬಕ್ಕೂ ವೈದ್ಯಕೀಯ ಸೌಕರ್ಯ ಕೊಡಬೇಕೆಂದೂ, ವೈದ್ಯರ ಚೀಟಿಯಿದ್ದರೆ ಕಾಯಿಲೆಯ ದಿನಗಳಿಗೆ ಭತ್ಯೆ ಸಲ್ಲಬೇಕೆಂದೂ 1951ರ ತೋಟ ಕಾರ್ಮಿಕರ ಕಾಯ್ದೆಯೇ ವಿಧಿಸಿತ್ತು. ಆ ಕಾಯ್ದೆ ಈಗ ಹೋಯಿತು, ಹೊಣೆ ಹೋಗಲಿಲ್ಲ. ಅದರ ಜಾಗಕ್ಕೆ ಬಂದು 2025ರ ನವೆಂಬರ್ 21ರಿಂದ ಜಾರಿಯಾದ 2020ರ ಸಂಹಿತೆಯೂ, ತೋಟದ ಕಾರ್ಮಿಕರಿಗೆ ಮತ್ತು ಕುಟುಂಬದವರಿಗೆ ಆರೋಗ್ಯ ಸೌಕರ್ಯ ಕೊಡಿರಿ, ಇಲ್ಲವೇ ಇ.ಎಸ್.ಐ. ಮಾಡಿಸಿರಿ ಎನ್ನುತ್ತದೆ. "ಹಳೆಯ ಕಾನೂನು ಹೋಯಿತು" ಎಂದು ಬಾಗಿಲು ಮುಚ್ಚುವವರ ಮಾತಿಗೆ ಮರುಳಾಗಬೇಡಿರಿ.

ತಮಿಳುನಾಡಿನಲ್ಲಿ ಸಕ್ಕರೆಯ ಮಾತ್ರೆಯನ್ನು ಮನೆಬಾಗಿಲಿಗೇ ತಲುಪಿಸುವ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ 2021ರಲ್ಲಿ ಆರಂಭವಾಯಿತು. ಸರಕಾರವೇ ಲೈನು ಮನೆಯ ತನಕ ನಡೆದು ಬರಬಹುದಾದರೆ, ತೋಟದ ಡಿಸ್ಪೆನ್ಸರಿಯಲ್ಲಿ ಬೆರಳ ತುದಿಯ ಒಂದು ಹನಿ ರಕ್ತ ನೋಡಲಾಗದೋ?

ನಾವು ಕೇಳುವುದು ಮೂರೇ ಸಂಗತಿ. ಹಲ್ಲು ಕೀಳಿಸಲು ಕಳುಹಿಸುವ ಮೊದಲು ಸಕ್ಕರೆ ನೋಡಿ ಬರೆದುಕೊಡಬೇಕು. ನಂತರದ ದಿನಗಳಲ್ಲಿ ನೋವು ಎದ್ದರೆ ಹಲ್ಲಿನ ವೈದ್ಯರಲ್ಲಿಗೆ ಹೋಗಲು ವಾಹನವನ್ನೂ ಚೀಟಿಯನ್ನೂ ಕೊಡಬೇಕು. ವೈದ್ಯರು ಬರೆದಷ್ಟು ದಿನ ಸಂಬಳ ಮುರಿಯದೆ ರಜೆ ಕೊಡಬೇಕು.

ಕಾರ್ಮಿಕ ಬಂಧುಗಳೇ, ವೈದ್ಯರಿಂದ ಚೀಟಿ ಬರೆಸಿಕೊಳ್ಳದೆ ಹಿಂದಿರುಗಬೇಡಿರಿ. ಬಾಯಿಮಾತಿನ ನೋವನ್ನು ಸುಳ್ಳೆನ್ನುವುದು ಸುಲಭ. ಬರೆದ ಚೀಟಿಯನ್ನು ಸುಳ್ಳೆನ್ನುವುದು ಕಷ್ಟ. ಪಕ್ಕದ ಮನೆಯವಳು ಕೆನ್ನೆ ಹಿಡಿದು ಕೂತಿದ್ದರೆ ಅವಳೊಡನೆ ಇಬ್ಬರು ಆಫೀಸಿಗೆ ಹೋಗಿರಿ. "ಹಲ್ಲುನೋವಿಗೂ ರಜೆಯೋ?" ಎಂದು ಯಾರಾದರೂ ಕೇಳಿದರೆ, ಹೌದು, ಮೂರನೆಯ ದಿನವೂ ರಜೆ, ಬೇಕಾದರೆ ಏಳನೆಯ ದಿನವೂ ರಜೆ ಎಂದು ತಲೆಯೆತ್ತಿ ಹೇಳಿರಿ.