ಗುಜರಿಯವರೂ ಮುಟ್ಟದ ಕಸ

ಅರಕಲಗೂಡು ತಾಲ್ಲೂಕಿನ ಯಾವ ಹಳ್ಳಿಗೆ ಬೇಕಾದ್ರೂ ಹೋಗಿ. ಬಸ್ಸು ದಿನಕ್ಕೆ ಎರಡೇ ಸಲ ಬರಬಹುದು, ಮೊಬೈಲಿನಲ್ಲಿ ನೆಟ್‌ವರ್ಕು ಒಂದೇ ಕಡ್ಡಿ ಇರಬಹುದು. ಆದ್ರೆ ಪೆಟ್ಟಿಗೆ ಅಂಗಡಿ ಮುಂದೆ ಶಾಂಪೂ, ಪಾನ್ ಮಸಾಲ, ಕುರುಕಲು ತಿಂಡಿಯ ಪೊಟ್ಟಣಗಳು ತೋರಣದ ಹಾಗೆ ನೇತಾಡ್ತಾ ಇರುತ್ತವೆ. ಮಾಲು ಯಾವತ್ತು ತಲುಪಬೇಕು, ಯಾವ ಏರಿಯಾದಲ್ಲಿ ಯಾವುದು ಖಾಲಿಯಾಗ್ತಿದೆ, ಮುಂದಿನ ತಿಂಗಳು ಎಷ್ಟು ಬೇಕು ಅನ್ನೋದೆಲ್ಲ ಕಂಪನಿಗಳಿಗೆ ಗೊತ್ತು. ಆ ಸಾಫ್ಟ್‌ವೇರ್ ಬರೆಯೋರು ನಮ್ಮಂಥವರೇ ತಾನೇ? ಹಾಗಾದ್ರೆ ಹೋಗುವ ದಾರಿ ಇಷ್ಟು ಚೆನ್ನಾಗಿ ಗೊತ್ತಿರೋ ಕಂಪನಿಗೆ, ಖಾಲಿ ಪೊಟ್ಟಣ ವಾಪಸ್ ಬರುವ ದಾರಿ ಮಾತ್ರ ಯಾಕೆ ಗೊತ್ತಿಲ್ಲ?

ಗೊತ್ತಿಲ್ಲ ಅಂತೇನಲ್ಲ ಸ್ವಾಮಿ, ಬೇಕಾಗಿಲ್ಲ.

ಕಸದ ವಿಷಯದಲ್ಲಿ ನಮ್ಮ ಕಡೆಯ ಹಳ್ಳಿಗಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಚನ್ನರಾಯಪಟ್ಟಣದ ತೆಂಗಿನ ತೋಟದಲ್ಲಿ ಮಟ್ಟೆ ನಾರಾಗುತ್ತೆ, ಚಿಪ್ಪು ಇದ್ದಿಲಾಗುತ್ತೆ, ಗರಿಯ ಕಡ್ಡಿ ಪೊರಕೆಯಾಗುತ್ತೆ. ಸಗಣಿ, ಕೊಟ್ಟಿಗೆಯ ಕಸ, ಒಲೆಯ ಬೂದಿ ಎಲ್ಲ ತಿಪ್ಪೆಗೆ ಬಿದ್ದು, ಗೊಬ್ಬರವಾಗಿ ಮುಂಗಾರಿಗೆ ಮುಂಚೆ ಹೊಲ ಸೇರುತ್ತೆ. ಈಗ 'ಸಂಪನ್ಮೂಲ ಮರುಪಡೆಯುವಿಕೆ' ಅಂತ ಸ್ಲೈಡು ಮಾಡಿ ತೋರಿಸ್ತಾರಲ್ಲ, ಅದು ನಮ್ಮ ತಿಪ್ಪೆ. ಪೇಪರು, ಕಬ್ಬಿಣ, ನೀರಿನ ಬಾಟಲಿ ಗುಜರಿಗೆ ಹೋಗುತ್ತವೆ. ಕಡೆಗೆ ಉಳಿಯೋದು ಗುಜರಿಯವರೂ ಮುಟ್ಟದ್ದು: ಪ್ಲಾಸ್ಟಿಕ್ಕಿಗೆ ಅಲ್ಯೂಮಿನಿಯಂ ಅಂಟಿಸಿದ ಹೊಳೆಯುವ ಪೊಟ್ಟಣ. ಪದರ ಬಿಡಿಸೋಕಾಗಲ್ಲ, ತೂಕ ಬರಲ್ಲ, ಕೆಜಿಗಟ್ಟಲೆ ಆಯ್ದರೂ ಕಾಸು ಹುಟ್ಟಲ್ಲ. ಅದೂ ತಿಪ್ಪೆಗೇ ಬೀಳುತ್ತೆ, ಗೊಬ್ಬರದ ಜೊತೆ ಹೊಲಕ್ಕೆ ಹೋಗುತ್ತೆ, ಉಳುವಾಗ ಮೇಲೆ ಬರುತ್ತೆ. ಇಲ್ಲಾಂದ್ರೆ ಬೀದಿ ಬದಿಯ ಬೆಂಕಿಗೆ. ಅದೂ ಇಲ್ಲಾಂದ್ರೆ ರಾಮನಾಥಪುರದಲ್ಲಿ ಕಾವೇರಿಗೆ, ಹೊಳೆನರಸೀಪುರದಲ್ಲಿ ಹೇಮಾವತಿಗೆ. ಎರಡು ಹೊಳೆಯ ನೀರೂ ಸೇರೋದು ಕೆಆರ್‌ಎಸ್‌ನಲ್ಲಿ. ನಿಮ್ಮ ಬೆಂಗಳೂರಿನ ಫ್ಲ್ಯಾಟಿನ ನಲ್ಲಿಗೆ ಬರೋದೂ ಅದೇ ಕಾವೇರಿ.

ಕಾನೂನು ಇಲ್ವಾ? ಇದೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಗುಟ್ಕಾ, ತಂಬಾಕು, ಪಾನ್ ಮಸಾಲವನ್ನ ಪ್ಲಾಸ್ಟಿಕ್ ಇರುವ ಸ್ಯಾಶೆಯಲ್ಲಿ ಮಾರುವಂತಿಲ್ಲ ಅಂತ ಹೇಳ್ತವೆ. ಮರುಬಳಕೆ ಮಾಡಲಾಗದ ಬಹುಪದರ ಪ್ಲಾಸ್ಟಿಕ್ಕನ್ನ ಎರಡು ವರ್ಷದೊಳಗೆ ಹಂತಹಂತವಾಗಿ ನಿಲ್ಲಿಸಬೇಕು ಅಂತಲೂ ಅದರಲ್ಲಿತ್ತು. ಆ ಎರಡು ವರ್ಷ ಮುಗಿಯೋದು 2018ರ ಮಾರ್ಚಿಗೆ. ಅದೇ ತಿಂಗಳು ತಿದ್ದುಪಡಿ ಬಂತು. ಮರುಬಳಕೆ ಮಾಡಲಾಗದ್ದು, 'ಅಥವಾ ಶಕ್ತಿ ಪಡೆಯಲಾಗದ್ದು, ಅಥವಾ ಬೇರೆ ಉಪಯೋಗ ಇಲ್ಲದ್ದು' ಅಂತ ಮಾತು ಸೇರಿಕೊಂಡಿತು. ಸುಟ್ಟರೆ ಶಾಖ ಬರುತ್ತಲ್ಲ, ಅಲ್ಲಿಗೆ ಶಕ್ತಿ ಪಡೆದ ಹಾಗಾಯ್ತು. ಪೊಟ್ಟಣ ಉಳಿದುಕೊಂಡಿತು. ಆ ಎರಡು 'ಅಥವಾ' ಯಾರ ಹೊಟ್ಟೆ ತಣ್ಣಗೆ ಮಾಡಿದವು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ 2022ರ ಫೆಬ್ರುವರಿಯಲ್ಲಿ ಇಪಿಆರ್ ಮಾರ್ಗಸೂಚಿ ಬಂತು. ಇಪಿಆರ್ ಅಂದ್ರೆ, ಮಾರುಕಟ್ಟೆಗೆ ಪ್ಲಾಸ್ಟಿಕ್ ಬಿಟ್ಟ ಉತ್ಪಾದಕನೇ ಅದಕ್ಕೆ ಹೊಣೆ. ಒಳ್ಳೇ ಮಾತೇ. 2023–24ರಿಂದ ಗುರಿ ಶೇ. 100. ಆದ್ರೆ ಲೆಕ್ಕ ಹೇಗೆ ಅಂತ ನೋಡಿ. ಕಂಪನಿ ತನ್ನದೇ ಪೊಟ್ಟಣ ಹುಡುಕಿ ತರಬೇಕಾಗಿಲ್ಲ. ದೇಶದ ಯಾವುದೋ ಮೂಲೆಯ ಘಟಕ ಅದೇ ವರ್ಗದ ಪ್ಲಾಸ್ಟಿಕ್ಕನ್ನ ಅಷ್ಟೇ ಟನ್ ಸಂಸ್ಕರಿಸಿದ್ರೆ, ಆ ಪ್ರಮಾಣಪತ್ರ ಕೊಂಡರೆ ಸಾಕು. ಬಹುಪದರದ ಪ್ಲಾಸ್ಟಿಕ್ಕಿಗೆ ಕಡ್ಡಾಯ ಮರುಬಳಕೆ 2024–25ಕ್ಕೆ ಶೇ. 30 ಮಾತ್ರ, 2027–28ಕ್ಕೆ ಶೇ. 60. ಮರುಬಳಕೆ ಆಗದ್ದು ಸಿಮೆಂಟ್ ಕಾರ್ಖಾನೆಯ ಗೂಡಿಗೋ ರಸ್ತೆ ಡಾಂಬರಿಗೋ ಹೋದ್ರೂ ಲೆಕ್ಕ ಸರಿಹೋಗುತ್ತೆ. ಇಷ್ಟು ಸಡಿಲ ಇದ್ದೂ 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ತಪಾಸಣೆ ಮಾಡಿದಾಗ 6 ಲಕ್ಷಕ್ಕೂ ಹೆಚ್ಚು ನಕಲಿ ಪ್ರಮಾಣಪತ್ರ ಸಿಕ್ಕವು. ಅವನ್ನ ಹುಟ್ಟಿಸಿದ ಘಟಕಗಳಿದ್ದದ್ದು ಗುಜರಾತ್, ಮಹಾರಾಷ್ಟ್ರ ಮತ್ತು ನಮ್ಮದೇ ಕರ್ನಾಟಕದಲ್ಲಿ.

ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ ಟಿಕೆಟ್ ಕ್ಲೋಸ್ ಆಗಿದೆ, ಬಗ್ ಹಾಗೇ ಇದೆ. ಡ್ಯಾಶ್‌ಬೋರ್ಡು ಹಸಿರು, ಅರಕಲಗೂಡಿನ ಚರಂಡಿ ಮಾತ್ರ ಕಟ್ಟಿಕೊಂಡೇ ಇದೆ.

ಇಲ್ಲಿ ಆ ಪೊಟ್ಟಣ ಆಯೋರು ಯಾರು? ಪಟ್ಟಣದಲ್ಲಿ ಪೌರಕಾರ್ಮಿಕರು, ಹಳ್ಳಿಯಲ್ಲಿ ಪಂಚಾಯಿತಿಯ ಕಸದ ಗಾಡಿ ಜೊತೆ ಹೋಗುವ ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಖರ್ಚು ಯಾರದು? ಜನರ ತೆರಿಗೆಯದು. ಲಾಭ ಕಂಪನಿಗೆ, ಕಸ ಪಂಚಾಯಿತಿಗೆ. ಇಷ್ಟಾದ ಮೇಲೂ ಉದ್ಯಮದ ದೊಡ್ಡ ಮಂದಿ ವೇದಿಕೆ ಹತ್ತಿ 'ಉತ್ತಮ ನೀತಿ ಬೇಕು, ಜನರಲ್ಲಿ ಅರಿವು ಮೂಡಬೇಕು' ಅಂತಾರೆ. ಅರಿವು ಮೂಡಿ ಏನು ಮಾಡೋದು ಸ್ವಾಮಿ? ಹಸಿ ಕಸ, ಒಣ ಕಸ ಬೇರೆ ಮಾಡಿಟ್ಟ ಗೃಹಿಣಿಯ ಕೈಯಲ್ಲಿ ಕೊನೆಗೆ ಯಾರೂ ಕೊಳ್ಳದ ಪೊಟ್ಟಣ ಉಳಿದರೆ, ತಪ್ಪು ಅವಳದಾ, ಅದನ್ನ ವಿನ್ಯಾಸ ಮಾಡಿದವನದಾ?

'ಬೆಲೆ ಏರುತ್ತೆ, ಬಡವರಿಗೆ ಹೊರೆ' ಅನ್ನೋದು ಇನ್ನೊಂದು ರಾಗ. ಬಡವರು ಈಗಲೂ ಕಟ್ತಾ ಇದ್ದಾರೆ. ಪ್ಲಾಸ್ಟಿಕ್ ತಿಂದು ಸತ್ತ ಹಸು ಯಾರದು? ಗದ್ದೆಯಲ್ಲಿ ಒಡೆದ ಬಾಟಲಿ ತುಳಿಯೋ ಕಾಲು ಯಾರದು?

ಉದ್ಯಮಕ್ಕೆ ನಿಜವಾಗಿಯೂ ನೀತಿ ಸುಧಾರಿಸಬೇಕು ಅಂತಿದ್ರೆ ಮೂರು ಬೇಡಿಕೆ ಇಡಲಿ, ನಾನೂ ಅವರ ಜೊತೆ ನಿಲ್ತೀನಿ.

ಒಂದು, ಮದ್ಯದ ಬಾಟಲಿ ಮತ್ತು ಟೆಟ್ರಾ ಪ್ಯಾಕಿಗೆ ಠೇವಣಿ. ಹಾಸನ ಜಿಲ್ಲೆಯ ಬದು, ಕೆರೆ ಏರಿ, ಶಾಲೆ ಮೈದಾನ ಎಲ್ಲಿ ನೋಡಿದ್ರೂ ಅಗ್ಗದ ಮದ್ಯದ ಟೆಟ್ರಾ ಪ್ಯಾಕು. ತಮಿಳುನಾಡಿನ ನೀಲಗಿರಿಯಲ್ಲಿ 2022ರಿಂದ ಬಾಟಲಿಗೆ 10 ರೂಪಾಯಿ ಹೆಚ್ಚು ತಗೊಂಡು, ಖಾಲಿ ತಂದುಕೊಟ್ರೆ ವಾಪಸ್ ಕೊಡ್ತಾರೆ. ಕಾಡಿಗೆ ಬೀಳ್ತಿದ್ದ ಬಾಟಲಿ ಅಂಗಡಿಗೆ ಮರಳ್ತಿದೆ. ಕರ್ನಾಟಕದಲ್ಲಿ ಮದ್ಯದ ಸಗಟು ವ್ಯಾಪಾರ ಪೂರ್ತಿ ಸರ್ಕಾರದ ಪಾನೀಯ ನಿಗಮದ ಕೈಯಲ್ಲೇ ಇದೆ, ಅಬಕಾರಿ ಲೇಬಲ್ಲೂ ಅಂಟಿರುತ್ತೆ. ಇದಕ್ಕಿಂತ ಸುಲಭದ ಜಾಗ ಇನ್ನೆಲ್ಲಿದೆ?

ಎರಡು, ಎರಡು ರೂಪಾಯಿ ಸ್ಯಾಶೆಗೆ ಠೇವಣಿ ನಡೆಯಲ್ಲ, ಒಪ್ತೀನಿ. ಅಲ್ಲಿ ಪ್ರಮಾಣಪತ್ರವನ್ನ ಜಿಲ್ಲೆಗೆ ಕಟ್ಟಿಹಾಕಿ. ಹಾಸನದಲ್ಲಿ ಮಾರಿದ ಪ್ಲಾಸ್ಟಿಕ್ಕಿನ ಲೆಕ್ಕ ಹಾಸನದಲ್ಲೇ ಚುಕ್ತಾ ಆಗಲಿ, ದುಡ್ಡು ಆಯ್ದವರಿಗೆ ಕೆಜಿ ಲೆಕ್ಕದಲ್ಲಿ ಸಿಗಲಿ. ಕಾರ್ಕಳದ ನಿಟ್ಟೆಯಲ್ಲಿ ಹತ್ತಾರು ಪಂಚಾಯಿತಿಗಳ ಒಣ ಕಸವನ್ನ ಒಂದೇ ಘಟಕದಲ್ಲಿ ವಿಂಗಡಿಸ್ತಾರೆ. ಹೊಳೆನರಸೀಪುರ, ಅರಕಲಗೂಡು ಸೇರಿ ಅಂಥದ್ದೊಂದನ್ನ ನಡೆಸೋಕೆ ಆ ದುಡ್ಡು ಆಗುತ್ತೆ.

ಮೂರು, 2016ರ ಮೂಲ ಮಾತಿಗೆ ವಾಪಸ್ ಬನ್ನಿ. ಮರುಬಳಕೆ ಆಗದ ಪೊಟ್ಟಣ ನಿಲ್ಲಿಸಿ. 'ಅಥವಾ' ಬೇಡ.

ಇದನ್ನ ಓದ್ತಾ ಇರೋ ನಿಮ್ಮ ಕಂಪನಿಯೂ ಒಂದು ಶನಿವಾರ ಟೀ ಶರ್ಟು ಹಂಚಿ ನಿಮ್ಮನ್ನ ಯಾವುದೋ ಹೊಳೆ ದಂಡೆಗೆ ಕಸ ಆಯೋಕೆ ಕರ್ಕೊಂಡು ಹೋಗಬಹುದು. ಹೋಗಿ, ಬೇಡ ಅನ್ನಲ್ಲ. ಆದ್ರೆ ಚೀಲ ಕಟ್ಟೋಕೆ ಮುಂಚೆ ಒಳಗಿರೋದನ್ನ ಸುರಿದು, ಯಾವ ಬ್ರ್ಯಾಂಡಿನ ಪೊಟ್ಟಣ ಎಷ್ಟು ಅಂತ ಎಣಿಸಿ, ತೂಕ ಹಾಕಿ. ಎಕ್ಸೆಲ್ ಶೀಟು ಮಾಡೋದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಪಟ್ಟಿಯನ್ನ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ, ಪಟ್ಟಿಯ ತಲೆಯಲ್ಲಿರುವ ಕಂಪನಿಗೂ ಕಳಿಸಿ. ಗುಂಪು ಫೋಟೊ ಆಮೇಲೆ ತೆಗೆಸಿಕೊಂಡ್ರಾಯ್ತು.